ಶಾಲೆಯ ಒಲೆ ಬಿಟ್ಟ ಮೇಲೆ

ಬೆಳಿಗ್ಗೆ ಒಂಬತ್ತು ಹೊಡೆಯಿತೆಂದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಅಷ್ಟೊತ್ತಿಗೆ ಪೂಜೆ ಆಗಿರುತ್ತದೆ, ವಿಭೂತಿ ಹಚ್ಚಿಕೊಂಡಿರುತ್ತೇನೆ, ಸೊಸೆ ಕೊಟ್ಟ ಚಹಾ ಕುಡಿದಿರುತ್ತೇನೆ. ಮಾಡಬೇಕಾದ್ದು ಏನೂ ಉಳಿದಿರುವುದಿಲ್ಲ. ಆದರೂ ಎದ್ದು ಸೆರಗು ಸಿಕ್ಕಿಸಿಕೊಳ್ಳುತ್ತೇನೆ. ಚಪ್ಪಲಿ ಮೆಟ್ಟುತ್ತೇನೆ, ಬಿಡುತ್ತೇನೆ, ಮತ್ತೆ ಒಳಗೆ ಬರುತ್ತೇನೆ. ಈ ನಾಲ್ಕು ಸಾಲು ಬರೆಯುವುದರೊಳಗೆ ಎರಡು ಸಲ ಬಾಗಿಲಿಗೆ ಹೋಗಿ ಬಂದೆ.

ನಮ್ಮೂರು ಕಲ್ಲೋಳಿಯಿಂದ ದೂರವಿಲ್ಲ. ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಾಗ ನನ್ನ ಮಗ ಅದೇ ಶಾಲೆಯಲ್ಲಿ ಮೂರನೆಯ ಇಯತ್ತೆ ಇದ್ದ. ಈಗ ಅವನ ಮಗಳು ಅಲ್ಲಿಗೆ ಹೋಗುತ್ತಾಳೆ. ಅರವತ್ತು ತುಂಬಿತೆಂದು ನನ್ನನ್ನು ಬಿಡಿಸಿ ಆರು ತಿಂಗಳಾಯಿತು. ನನ್ನ ಜಾಗಕ್ಕೆ ನಮ್ಮ ಓಣಿಯದೇ ಇನ್ನೊಂದು ಮನೆಯ ಸೊಸೆ ರೇಣುಕಾ ಬಂದಿದ್ದಾಳೆ. ಬಿಡಿಸಿದ ಮೇಲೂ ನಾನು ದಿನಾ ಆ ಅಡುಗೆಮನೆಗೆ ಹೋಗುತ್ತಿದ್ದೆ. ಹೋಗಬೇಕೋ ಬಿಡಬೇಕೋ ಎಂಬ ಒಂದು ಪ್ರಶ್ನೆ ನನ್ನನ್ನು ಇಷ್ಟು ದಿನ ತಿಂದಿದೆ. ರೇಣುಕಾಳ ಎದುರು ನಿಂತು ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ. ಅವಳ ಹಾಗೆ ಹೊಸದಾಗಿ ಈ ಒಲೆಯ ಮುಂದೆ ನಿಲ್ಲುವ ಉಳಿದ ಹೆಣ್ಣುಮಕ್ಕಳಿಗೂ ಬೇಕಾದೀತು.

ನಾನು ಬೆಲ್ಲದ ಬಾಗೇವಾಡಿಯ ತವರಿನಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು. ಲಗ್ನವಾಗಿ ಬಂದು ಹತ್ತು ಜನರ ಮನೆಗೆ ರೊಟ್ಟಿ ಬಡಿದವಳು. ಅಡುಗೆ ನನಗೇನು ಹೊಸದು ಎಂಬ ಸೊಕ್ಕಿನಿಂದಲೇ ಶಾಲೆಗೆ ಹೋದೆ. ಹತ್ತು ಜನರ ಅಡುಗೆ ಬೇರೆ, ನೂರಾ ನಲವತ್ತು ಮಕ್ಕಳ ಅಡುಗೆ ಬೇರೆ. ಮನೆಯಲ್ಲಿ ಕೈಯಳತೆ ನಡೆಯುತ್ತದೆ. ಅಲ್ಲಿ ಮೊದಲ ದಿನ ಕೈಯಳತೆಯಿಂದ ನೀರಿಟ್ಟು, ಅನ್ನ ಮೇಲೆ ಮುದ್ದೆ, ಕೆಳಗೆ ಸೀದು, ನಡುವೆ ಅಕ್ಕಿ. ಮಕ್ಕಳು ಮುದ್ದೆಯಾದದ್ದನ್ನೇ ಉಂಡವು. ಆಗ ಇದ್ದದ್ದು ಮೂರು ಕಲ್ಲಿನ ಒಲೆ, ತಗಡಿನ ಚಪ್ಪರ. ಹೊಗೆಗೆ ಕಣ್ಣು ಮುಚ್ಚಿಕೊಂಡೇ ಸೌಟು ತಿರುವುತ್ತಿದ್ದೆವು. ಗ್ಯಾಸು ಬಂದ ದಿನ ಸಿಲಿಂಡರಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದೆ. ಆಗಿನ ಹೆಡ್ ಮಾಸ್ತರರು ಓಡಿ ಬಂದು, "ನೀಲವ್ವಾರ, ಭಕ್ತಿ ಇರ್ಲಿ, ಬೆಂಕಿ ದೂರ ಇಡ್ರಿ!" ಎಂದು ಕಡ್ಡಿ ಕಿತ್ತುಕೊಂಡು ಹೋದರು.

ಆ ಹೆಡ್ ಮಾಸ್ತರರನ್ನು ನಾವು ದೊಡ್ಡ ಸರ್ ಎನ್ನುತ್ತಿದ್ದೆವು. ಮುಖ ಸದಾ ಗಂಟು. ಬೇಳೆ, ಬೆಲ್ಲದ ಡಬ್ಬಿಗಳ ಕೀಲಿ ಅವರ ಕಿಸೆಯಲ್ಲೇ ಇರುತ್ತಿತ್ತು. ಅವರಿಗೆ ನಾನು ಹೆದರುತ್ತಿದ್ದೆ, ಬೈದುಕೊಳ್ಳುತ್ತಲೂ ಇದ್ದೆ. ಆದರೆ ಮಕ್ಕಳ ಸಾಲಿನಲ್ಲಿ ಕೂತು ಮಕ್ಕಳ ಅನ್ನವನ್ನೇ ಉಣ್ಣುತ್ತಿದ್ದರು. ಅಂಥ ಮೇಲಿನವರು ಸಿಗುವುದು ದೇವರ ದಯೆ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ನನ್ನ ಜೊತೆ ಅಡುಗೆಗೆ ಇದ್ದವಳು ಮಾದೇವಿ. ನನಗಿಂತ ಆರೇಳು ವರ್ಷಕ್ಕೆ ಸಣ್ಣವಳು. ಊರ ಕೆಳಗಿನ ಓಣಿಯವಳು. ಅವರ ಮನೆಯ ಗೋಡೆಗೆ ಬುದ್ಧನ ಫೋಟೋ ಇದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಇದನ್ನು ಹೇಳದೆ ನನ್ನ ದೊಡ್ಡ ತಪ್ಪು ಹೇಳಲಾಗುವುದಿಲ್ಲ.

ನಾವಿಬ್ಬರೂ ಸೇರಿದಾಗಲೇ ಊರಲ್ಲಿ ಗುಸುಗುಸು ಎದ್ದಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಯಾವ ಕಾಗದದ ಮೇಲೂ ಬರೆಯಲಿಲ್ಲ. ಆದರೆ ಒಂದು ವಾರದೊಳಗೆ ಕೆಲಸ ತಾನೇ ಹಂಚಿಕೆಯಾಗಿಬಿಟ್ಟಿತು. ಅಕ್ಕಿ ಆರಿಸುವುದು, ಕಾಯಿಪಲ್ಲೆ ಹೆಚ್ಚುವುದು, ಪಾತ್ರೆ ತಿಕ್ಕುವುದು ಮಾದೇವಿಯದು. ಒಲೆ, ಸೌಟು, ಉಪ್ಪು ನನ್ನವು. ಹಂಚಿದವಳು ನಾನೇ. ಊರವರ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಖರೆ ಹೇಳಬೇಕೆಂದರೆ, ನನಗೂ ಅದು ಅನುಕೂಲವೇ ಆಗಿತ್ತು.

ಒಂದು ಶ್ರಾವಣ ಸೋಮವಾರ. ಸೋಮವಾರ ನನ್ನದು ಉಪವಾಸ, ಸಂಜೆ ಪೂಜೆಯಾಗುವವರೆಗೆ ನೀರು ಬಿಟ್ಟು ಬೇರೇನೂ ಇಲ್ಲ. ಸಾಂಬಾರಿಗೆ ಉಪ್ಪು ಹಾಕಿದೆ. ಅಷ್ಟರಲ್ಲಿ ಗ್ಯಾಸಿನ ಗಾಡಿ ಬಂತು, ಹೊರಗೆ ಹೋಗಿ ಸಿಲಿಂಡರ್ ಇಳಿಸಿಕೊಂಡೆ. ತಿರುಗಿ ಬಂದು, ಹೊಟ್ಟೆ ಖಾಲಿ, ತಲೆ ಖಾಲಿ, ಇನ್ನೊಮ್ಮೆ ಉಪ್ಪು ಹಾಕಿದೆ. ನಾಲಗೆಗೆ ಹಚ್ಚಿ ನೋಡಲಿಲ್ಲ, ಉಪವಾಸವಲ್ಲವೇ! ಆ ವರ್ಷವೆಲ್ಲ ಸೋಮವಾರಗಳಂದು ಹಾಗೆಯೇ ವಾಸನೆಯ ಮೇಲೆ, ದೇವರ ಮೇಲೆ ಭಾರ ಹಾಕಿ ಬಡಿಸಿದ್ದೆ. ಮಾಸ್ತರರೊಬ್ಬರು ಮೊದಲು ರುಚಿ ನೋಡಬೇಕೆಂಬ ನಿಯಮವಿತ್ತು. ಆ ದಿನ ಅವರದೂ ಶ್ರಾವಣದ ಉಪವಾಸವೇ.

ಮೊದಲ ಸಾಲು ಬಾಯಿಗೆ ಇಟ್ಟದ್ದೇ ಗದ್ದಲ. "ಥೂ, ಉಪ್ಪ ಉಪ್ಪ!" ಎಂದು ಮಕ್ಕಳು ತಾಟು ಸರಿಸಿದವು. ಎರಡನೆಯ ಇಯತ್ತೆಯ ಒಂದು ಹುಡುಗಿ ಮಾತ್ರ ಸರಿಸಲಿಲ್ಲ. ಒಂದು ತುತ್ತು ಉಣ್ಣುವುದು, ಒಂದು ಗುಟುಕು ನೀರು ಕುಡಿಯುವುದು, ಮತ್ತೆ ಒಂದು ತುತ್ತು. ಆ ಮಗುವಿಗೆ ಮನೆಯಲ್ಲಿ ಬೆಳಿಗ್ಗೆ ಏನೂ ಸಿಕ್ಕಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಾನು ಓಡಿ ಹೋಗಿ ಅದರ ತಾಟು ಹಿಡಿದರೆ, ಅದು ಬಿಡಲೊಲ್ಲದು.

ದೊಡ್ಡ ಸರ್ ಅಡುಗೆಮನೆಗೆ ಬಂದರು. ಬೈಯುತ್ತಾರೆಂದು ನಿಂತಿದ್ದೆ. ಬೈಯಲಿಲ್ಲ.

"ಉಪ್ಪು ಯಾರ್ ನೋಡೀರಿ?"

"ನಂದು ಇವತ್ತ ಉಪಾಸ ಐತ್ರಿ ಸರ್."

ಅವರು ಮಾದೇವಿಯ ಕಡೆ ತಿರುಗಿದರು. "ನಿಂದೂ ಉಪಾಸೇನವಾ?"

"ಇಲ್ರಿ."

"ಮತ್ತ ನೀ ಯಾಕ ನೋಡಲಿಲ್ಲ?"

ಮಾದೇವಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ನನಗ ಸೌಟ ಮುಟ್ಟಾಕ ಯಾರೂ ಹೇಳಿಲ್ರಿ ಸರ್. ಅಕ್ಕಾರ ಎರಡ ಸಲ ಉಪ್ಪ ಹಾಕಿದ್ದ ನೋಡೀನಿ. ಗೊತ್ತಿದ್ದ ಹಾಕ್ಯಾರಂತ ಸುಮ್ಮನಾದ್ನಿ."

ದೊಡ್ಡ ಸರ್ ನನ್ನ ಮುಖ ನೋಡಿದರು. "ನಿಮ್ಮ ಉಪಾಸ ಹುಡುಗೂರಿಗ್ಯಾಕ ಮಾಡಸ್ತೀರಿ?" ಎಂದಷ್ಟೇ ಕೇಳಿ, ಕೀಲಿ ತೆಗೆದು ಬೆಲ್ಲ ಹೊರಗಿಟ್ಟರು. ಹೊಸದಾಗಿ ಅನ್ನ ಮಾಡಿ, ಬೆಲ್ಲ ಕಲಸಿ ಬಡಿಸುವಾಗ ಒಂದು ತಾಸು ತಡವಾಗಿತ್ತು. ಅಷ್ಟು ಹೊತ್ತೂ ಮಕ್ಕಳು ಕಿಟಕಿಯಲ್ಲಿ ನಿಂತು ಒಲೆ ನೋಡುತ್ತಿದ್ದವು.

ಆ ಸಂಜೆ ದೇವರ ಜಗಲಿಯ ಮುಂದೆ ಕೂತರೆ ಮಂತ್ರ ಬಾಯಿಗೆ ಬರಲಿಲ್ಲ. ಮರುದಿನ ಸೌಟನ್ನು ಮಾದೇವಿಯ ಕೈಗೆ ಕೊಟ್ಟು, "ನೀ ಒಂದ್ ಸಲ ನೋಡು" ಎಂದೆ. ಅವಳು ಅಂಗೈ ಮೇಲೆ ಒಂದು ಹನಿ ಹಾಕಿಕೊಂಡು ನೆಕ್ಕಿ, "ಹುಳಿ ಕಡಿಮಿ ಐತ್ರಿ" ಎಂದಳು. ಕಡಿಮೆಯೇ ಇತ್ತು. ಇಷ್ಟು ದಿನವೂ ಕಡಿಮೆಯೇ ಇತ್ತೋ ಏನೋ. ಮಾದೇವಿ ಸೌಟು ಹಿಡಿದ ಸುದ್ದಿ ಊರಲ್ಲಿ ಹಬ್ಬಿ, ಎರಡು ಮನೆಯವರು ಮಕ್ಕಳನ್ನು ಊಟಕ್ಕೆ ಕೂರಿಸುವುದು ಬಿಡಿಸಿದರು. ಕೆಲವು ವಾರ ಬಿಟ್ಟು ಆ ಮಕ್ಕಳೇ ತಾಟು ಹಿಡಿದುಕೊಂಡು ಬಂದವು. ನಾನೂ ಸೋಮವಾರ ಒಂದು ಹನಿ ನಾಲಗೆಗೆ ಹಚ್ಚಿ ಬಾಯಿ ಮುಕ್ಕಳಿಸತೊಡಗಿದೆ. ಆ ಹನಿಗಾಗಿ ಶಿವ ನನ್ನ ಮೇಲೆ ಸಿಟ್ಟಾದ ಗುರುತು ಇಲ್ಲಿಯತನಕ ಕಂಡಿಲ್ಲ. ರೇಣುಕಾ, ನೀನು ಗುರುವಾರ ಉಪವಾಸ ಮಾಡುತ್ತೀ ಎಂದು ಕೇಳಿದ್ದೇನೆ. ಮಾಡು. ಆದರೆ ರುಚಿ ನೋಡು.

ಬಿಸಿಯೂಟಕ್ಕೆ ಕೋಳಿಯ ತತ್ತಿ ಬಂದದ್ದು ಬಹಳ ವರ್ಷಗಳ ಮೇಲೆ. ನಮ್ಮದು ತತ್ತಿ ಹೊಸ್ತಿಲು ದಾಟದ ಮನೆ. ಅತ್ತೆ ಇನ್ನೂ ಇದ್ದರು. "ಅದನ್ನ ಮುಟ್ಟಿದ ಕೈಲೆ ನನ್ನ ಒಲಿ ಮುಟ್ಟಬ್ಯಾಡ ನೋಡು" ಎಂದು ಹಿತ್ತಲಲ್ಲಿ ಬಕೆಟ್ ಇಟ್ಟರು. ದಿನಾ ಹಿತ್ತಲಿಂದ ಬಂದು, ಸ್ನಾನ ಮಾಡಿ, ಒಳಗೆ ಹೋಗುವುದು. ಮೊದಲ ದಿನ ನೀರು ಕುದಿಯುವಾಗ ಅವನ್ನು ಮೇಲಿನಿಂದ ಬಿಟ್ಟೆ. ಅರ್ಧದಷ್ಟು ಒಡೆದು ನೀರೆಲ್ಲ ಬಿಳಿ ಬಿಳಿ. ಮಾದೇವಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

"ಅಕ್ಕಾರ, ಕುಂತ ಇಡ್ರಿ ಅವನ್ನ, ಎತ್ತಿ ಒಗದ್ರ? ತತ್ತಿ ಏನ್ ಕಚ್ಚತೈತೇನ್ರಿ?"

ತಣ್ಣೀರಲ್ಲಿಟ್ಟು ಬೆಂಕಿ ಹಚ್ಚಬೇಕು, ಒಂದು ಹಿಡಿ ಉಪ್ಪು ಹಾಕಬೇಕು ಎಂದು ಅವಳೇ ಕಲಿಸಿದಳು. ಸಿಪ್ಪೆ ಸುಲಿಯುವಾಗ ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಒಂದು ದಿನ ತೀರ ಸಣಕಲು ಮಗುವೊಂದು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುಗಿದುಹೋದೀತೆಂದು ಸಣ್ಣ ಸಣ್ಣದಾಗಿ ಕಚ್ಚುವುದನ್ನು ಕಂಡೆ. ಆಮೇಲೆ ಮುಖ ತಿರುಗಿಸಲಿಲ್ಲ. ಅತ್ತೆ ಇರುವವರೆಗೆ ಬಕೆಟ್ಟಿನ ಸ್ನಾನ ನಡೆಯಿತು. ಅವರು ಹೋದ ಮೇಲೆ ಬಕೆಟ್ ದನಕ್ಕಾಯಿತು.

ಇನ್ನು ಯಾರಿಗೂ ಹೇಳದ ಒಂದು ಮಾತು. ಬಿಡಿಸುವುದಕ್ಕೆ ಒಂದು ವರ್ಷ ಮೊದಲೇ ನನ್ನ ಬಲಗೈ ರಟ್ಟೆ ಮೇಲೆ ಏಳುವುದು ನಿಂತಿತ್ತು. ಅನ್ನದ ದೊಡ್ಡ ಡಬರಿಯನ್ನು ಇಬ್ಬರೂ ಎರಡು ಕಡೆ ಹಿಡಿದು ಬಾಗಿಸಿ ಗಂಜಿ ಬಸಿಯಬೇಕು. ಒಂದು ದಿನ ನನ್ನ ಕಡೆ ಜಾರಿ ಕುದಿಯುವ ಗಂಜಿ ನೆಲವೆಲ್ಲ ಹರಿಯಿತು. ನಾನು ಹಿಂದೆ ಹಾರಿದೆ. ಮಕ್ಕಳೆಲ್ಲ ಪ್ರಾರ್ಥನೆಯಲ್ಲಿದ್ದವು, ಶಿವನೇ ಕಾಯ್ದ. ಮಾದೇವಿ ನೆಲ ಒರೆಸಿ, "ನೀವ್ ಬರೇ ಹಿಡದಂಗ ಮಾಡ್ರಿ ಅಕ್ಕಾರ, ನಾ ಎತ್ತತೇನಿ" ಎಂದಳು. ಅಂದಿನಿಂದ ಹಾಗೆಯೇ ನಡೆಯಿತು. ನಾನು ಬಟ್ಟೆ ಹಿಡಿದು ನಿಲ್ಲುವುದು, ಭಾರವೆಲ್ಲ ಅವಳದು. ಗೋಕಾಕದ ಡಾಕ್ಟರು, "ಭಾರ ಎತ್ತೂದ ಬಿಡ್ರಿ ಅಜ್ಜಿ" ಎಂದು ಹೇಳಿ ಗುಳಿಗೆ ಕೊಟ್ಟರು. ಗುಳಿಗೆ ನುಂಗಿದೆ, ಅವರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಲೆಯಲ್ಲಿ ತಿಳಿಸಲೂ ಇಲ್ಲ.

ಹಾಗಿದ್ದೂ, ಹೊಸ ಹೆಡ್ ಮೇಡಮ್ ಕರೆದು, "ನೀಲವ್ವಾರ, ನಾಳಿಯಿಂದ ರೇಣುಕಾ ಬರ್ತಾಳ್ರಿ, ನಿಮಗ ಅರವತ್ತ ಆಗೇತಂತ ಮ್ಯಾಲಿಂದ ಬಂದೈತಿ" ಎಂದಾಗ ಮೈಯೆಲ್ಲ ಉರಿಯಿತು. ಏಪ್ರನ್ ಒಗೆದು, ಮಡಚಿ ಕೊಟ್ಟೆ. ಮನೆಗೆ ಬಂದು ನಮ್ಮ ಮನೆಯವರಿಗೆ ಹೇಳಿದರೆ, ಅವರು ಕಬ್ಬಿಗೆ ನೀರು ಬಿಡಲು ಹೊರಟಿದ್ದರು. "ಪುಣ್ಯಾ ಮಾಡಿದಿ ಬಿಡು, ನಿನ್ನ ಬಿಡಿಸಾಕ ಯಾರರೆ ಅದಾರ. ನನ್ನ ಯಾರ್ ಬಿಡಸ್ತಾರ?" ಎಂದು ಚೇಷ್ಟೆ ಮಾಡಿ ಹೋದರು.

ಮನೆಯಲ್ಲಿ ಸೊಸೆ ಸುಜಾತಾಳದೇ ಕಾರುಬಾರು. ಅದು ಸರಿಯೇ, ನಾನೇ ಒಪ್ಪಿಸಿದ್ದು. ಒಂದು ದಿನ ಅವಳು ಹೊರಗೆ ಹೋದಾಗ ಅನ್ನಕ್ಕಿಟ್ಟೆ. ಬಂದು ಮುಚ್ಚಳ ತೆಗೆದು ನೋಡಿ, "ಅತ್ತೀ, ಇಷ್ಟ ಯಾರಿಗ್ರಿ? ಊರಿಗೇನ ಡಂಗುರಾ ಹೊಡಸಲಿ?" ಎಂದಳು. ನಗುತ್ತಲೇ ಅಂದಳು. ದನಗಳಿಗೆ ಎರಡು ದಿನ ಅನ್ನವಾಯಿತು.

ವೃದ್ಧಾಪ್ಯದ ಪಿಂಚಣಿಗೆ ಅರ್ಜಿ ಕೊಡಲು ಮೂಡಲಗಿ ಕಚೇರಿಗೆ ಹೋದಾಗ ಬರೆಯುತ್ತಿದ್ದ ಹುಡುಗ ಕೇಳಿದ:

"ಉದ್ಯೋಗ ಏನ್ ಬರೀಲ್ರಿ?"

"ನಿವೃತ್ತ ಅಂತ ಬರಿಯಪ್ಪಾ. ಸಾಲ್ಯಾಗ ಅಡಗಿ ಮಾಡ್ತಿದ್ದೆ."

"ಅದು ನೌಕರಿ ಅಲ್ರಿ ಅವ್ವಾ, ಗೌರವಧನದ ಕೆಲಸ. ಅದಕ್ಕ ನಿವೃತ್ತಿ ಅಂತ ಬರೂದಿಲ್ಲ. ಗೃಹಿಣಿ ಅಂತ ಹಾಕತೇನಿ ತಗೋರಿ."

ಹಾಕಿಯೇಬಿಟ್ಟ. ಅವನು ಬರೆದದ್ದು ಸುಳ್ಳೇನಲ್ಲ, ಗೃಹಿಣಿ ಹೌದೇ ಹೌದು. ಆದರೆ ಬಸ್ಸಿನಲ್ಲಿ ಊರು ಮುಟ್ಟುವತನಕ ಒಂದೇ ವಿಚಾರ. ನಮ್ಮ ಓಣಿಯ ನಿವೃತ್ತ ಮಾಸ್ತರರು ಕಟ್ಟೆಯ ಮೇಲೆ ಪೇಪರು ಹಿಡಿದು ಕೂತರೆ ಅವರನ್ನು ಯಾರೂ ಏನೂ ಕೇಳುವುದಿಲ್ಲ. ನಾನು ಸುಮ್ಮನೆ ಕೂತರೆ, "ಆರಾಮ ಇಲ್ಲೇನವ್ವಾ?" ಎಂದು ಕೇಳುತ್ತಾರೆ. ಕೆಲಸ ಇತ್ತು ಎಂದೇ ಕಾಗದದ ಮೇಲೆ ಇಲ್ಲದ ಮೇಲೆ, ಅದು ಮುಗಿಯಿತು ಎಂದು ನಾನು ಹೇಗೆ ನಂಬಲಿ? ಮುಗಿಯದಿದ್ದರೆ ಹೋಗುವುದರಲ್ಲಿ ತಪ್ಪೇನು?

ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ಹೋಗುತ್ತಿದ್ದೆ. ಮೊದಲ ದಿನ ಡಬ್ಬಿ ಮರೆತಿದ್ದೇನೆಂದು. ಮೂರನೆಯ ದಿನ ಹಿತ್ತಲಿನ ಕೊತ್ತಂಬರಿ ಕೊಡಲೆಂದು. ಆಮೇಲೆ ನೆಪಗಳೂ ಮುಗಿದವು. ಬಾಗಿಲಲ್ಲಿ ಒಂದು ಮಣೆ ಹಾಕಿಕೊಂಡು ಕೂರುತ್ತಿದ್ದೆ. "ಹಾಲಿನ ಪುಡಿ ಮೊದಲ ಉಗರಬೆಚ್ಚಗಿನ ನೀರಾಗ ಕಲಸಬೇಕ, ಗಂಟ ಆಗತೈತಿ." "ಬ್ಯಾಳಿ ಇನ್ನೊಂದ್ ಕುದಿ ಬರಲಿ." "ಸೌಟ ಹಂಗ ಹಿಡಿಯೂದೇನ?" ರೇಣುಕಾ ಎಲ್ಲದಕ್ಕೂ "ಹೂಂ ರೀ" ಎನ್ನುತ್ತಿದ್ದಳು. ನಾನು ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಮಾದೇವಿ ಒಲೆಯ ಹತ್ತಿರ ನನಗೆ ಬೆನ್ನು ಮಾಡಿ ಸೌಟು ತಿರುವುತ್ತಿದ್ದಳು.

ಹೋದ ತಿಂಗಳು ಅವರಿಬ್ಬರೂ ಡಬರಿ ಬಾಗಿಸಿ ಗಂಜಿ ಬಸಿಯುತ್ತಿದ್ದರು. ರೇಣುಕಾ ಹಿಡಿದ ರೀತಿ ನನಗೆ ಸರಿ ಕಾಣಲಿಲ್ಲ. "ಬಟ್ಟಿ ಕೆಳಗ ಹಿಡಿ! ಕೆಳಗ!" ಎಂದು ಒದರಿದೆ. ಆ ಹುಡುಗಿ ಬೆಚ್ಚಿ ನನ್ನ ಕಡೆ ತಿರುಗಿತು. ತಿರುಗಿದ್ದೇ ಗಂಜಿ ಅದರ ಪಾದದ ಮೇಲೆ. ಮಾದೇವಿ ಡಬರಿ ಬಿಡಲಿಲ್ಲ. ಒಬ್ಬಳೇ ತಡೆದು ನೆಲಕ್ಕಿಟ್ಟು, ರೇಣುಕಾಳನ್ನು ನಳದ ಕೆಳಗೆ ಎಳೆದುಕೊಂಡು ಹೋದಳು. ಪಾದದ ಮೇಲೆ ರೂಪಾಯಿಯಷ್ಟು ಅಗಲ ಗುಳ್ಳೆ ಎದ್ದಿತು. "ಇರ್ಲಿ ಬಿಡ್ರಿ, ಸ್ವಲ್ಪ ಆಗೇತಿ" ಎಂದು ರೇಣುಕಾ ನನಗೇ ಸಮಾಧಾನ ಹೇಳಿದಳು. ಅಷ್ಟಕ್ಕೇ ಹೋಯಿತಲ್ಲ ಎಂದು ಕೈಮುಗಿಯಲೂ ನನಗೆ ಮುಖವಿರಲಿಲ್ಲ.

ರೇಣುಕಾ ಮುಲಾಮು ಹಚ್ಚಿಕೊಳ್ಳಲು ಆಫೀಸಿಗೆ ಹೋದ ಮೇಲೆ ಮಾದೇವಿ ನನ್ನ ಎದುರು ಬಂದು ನಿಂತಳು.

"ಅಕ್ಕಾರ, ನಾ ಒಂದ್ ಮಾತ ಅನ್ಲೇನ್ರಿ? ಸಿಟ್ಟ ಮಾಡ್ಕೋಬ್ಯಾಡ್ರಿ."

"ಅನ್ನು."

"ನೀವಿಲ್ಲದಾಗ ಆಕಿ ಚಲೋ ಹಿಡಿತಾಳ್ರಿ. ನಿಮ್ಮ ಕಣ್ಣ ಆಕಿ ಕೈ ಮ್ಯಾಲ ಇದ್ರ ಆಕಿ ಕೈ ನಡಗತಾವ. ಇನ್ನ ನೀವ್ ಬರೂದ ಬಿಡ್ರಿ."

"ನೀ ನನ್ನ ರಟ್ಟಿ ಸುದ್ದಿ ಮೇಡಮ್ಮರಿಗೆ ಹೇಳೀಯೇನ?" ಎಂದು ಕೇಳಿದೆ. ಎಂಥ ಹೊತ್ತಿನಲ್ಲಿ ಎಂಥ ಮಾತು!

"ಒಂದ್ ವರ್ಷ ಎತ್ತೀನಲ್ರೀ ಅಕ್ಕಾರ, ಯಾರಿಗರೆ ಹೇಳೀನೇನ?" ಎಂದಳು ಮಾದೇವಿ. "ನೀವ್ ಒಂದ್ ದಿನಾ ಹೆಚ್ಚಿಗಿ ಇರ್ಲಿ ಅಂತ ಎತ್ತಿದ್ನಿ. ಆದ್ರ ಈಗ ಈ ಹುಡುಗೀನ ನಾ ಕಾಯಬೇಕಲ್ರೀ."

ಊಟದ ಗಂಟೆ ಹೊಡೆಯಿತು. ಮಕ್ಕಳು ಬಂದು ಸಾಲು ಹಿಡಿದು ಕೂತವು. ನಾನು ಚಪ್ಪಲಿ ಹುಡುಕುತ್ತಿದ್ದೆ. ಮಾದೇವಿ ಒಂದು ತಾಟು ತಂದು ನನ್ನ ಕೈಗೆ ಕೊಟ್ಟಳು. "ಉಂಡ ಹೋಗ್ರಿ. ಇಷ್ಟ ವರ್ಷ ನಿಂತ ಉಂಡೀರಿ, ಇವತ್ತ ಕುಂತ ಉಣ್ರಿ."

ಖರೆ. ಅಷ್ಟು ವರ್ಷವೂ ಎಲ್ಲರದೂ ಆದ ಮೇಲೆ ಒಲೆಯ ಕಟ್ಟೆಗೆ ಒರಗಿ, ತಣ್ಣಗಾದದ್ದನ್ನು ನಾಲ್ಕು ತುತ್ತು ನುಂಗಿದವಳು. ಮೊಮ್ಮಗಳು ಕೂತ ಸಾಲು ಬಿಟ್ಟು ಇನ್ನೊಂದು ಸಾಲಿನ ತುದಿಗೆ ಹೋಗಿ ಕೂತೆ. ರೇಣುಕಾ ಕುಂಟುತ್ತಲೇ ಬಂದು ಅನ್ನ ನೀಡಿದಳು. ಮಾದೇವಿ ಸಾಂಬಾರು ಹಾಕಿದಳು. ಬಿಸಿ ಇತ್ತು, ಬೆರಳು ಸುಟ್ಟಿತು. ಮಕ್ಕಳ ಜೊತೆ ನಾನೂ ಊದಿಕೊಂಡು ಊದಿಕೊಂಡು ಉಂಡೆ. ನನ್ನ ಸಾಂಬಾರಿನ ಹಾಗೆ ಇರಲಿಲ್ಲ. ಚಲೋ ಇತ್ತು.

ಉಂಡಾದ ಮೇಲೆ ರೂಢಿಯಂತೆ ಡಬರಿಗಳ ಕಡೆ ಹೊರಟೆ. ಸೀರೆ ಮೇಲೆತ್ತಿ ಸಿಕ್ಕಿಸಿಯೂ ಆಗಿತ್ತು.

"ಅವ್ ಬ್ಯಾಡ್ರಿ ಅಕ್ಕಾರ," ಮಾದೇವಿ ಅಡ್ಡ ನಿಂತಳು. "ನಿಮ್ಮ ತಾಟ ಅಷ್ಟ ತೊಳ್ಕೊಂಡ ಹೋಗ್ರಿ."

ನಳದ ಹತ್ತಿರ ಮಕ್ಕಳ ಸಾಲಿತ್ತು. ನಿಂತೆ. ನನ್ನ ಪಾಳಿ ಬಂದಾಗ ಬಾಗಿ ತಾಟು ತೊಳೆಯತೊಡಗಿದೆ. ಒಂದೇ ತಾಟು. ಬೂದಿ ಹಚ್ಚಬೇಕೋ, ಬರೀ ನೀರು ಸಾಕೋ ಕೈಗೆ ತಿಳಿಯಲಿಲ್ಲ. ಒಳಗೆ ತೊಳೆದೆ, ಹಿಂದೆ ತೊಳೆದೆ, ಅಂಚು ತೊಳೆದೆ. ಎಷ್ಟು ತೊಳೆದರೂ ಅದು ಒಂದೇ ಇತ್ತು.

ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ತಿರುಗಿ ನೋಡಿದರೆ ಒಂದನೆಯ ಇಯತ್ತೆಯ ಹುಡುಗಿ. ನಾನು ಅಲ್ಲಿ ಅಡುಗೆ ಮಾಡುತ್ತಿದ್ದವಳು ಎಂದು ಅದಕ್ಕೆ ಗೊತ್ತೂ ಇರಲಿಲ್ಲ.

"ಅಜ್ಜೀ, ಲಗೂ ತೊಳೀರಿ. ಪಾಳಿ ಐತಿ."

ತಾಟಿನ ನೀರು ಜಾಡಿಸಿ, ಸರಿದು ಅದಕ್ಕೆ ಜಾಗ ಕೊಟ್ಟೆ.